ಎರಡು ಲೆಕ್ಕ ಬೇರೆ ಬೇರೆ ಇಡಿ ಅಕ್ಕಾ

ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ಆಗಲೇ ಉತ್ತರ ಬರೆಯಲು ಕೂತು ಎರಡು ಸಲ ಅಳಿಸಿದೆ. ನಮ್ಮ ನಾಯಿ ಚಿನ್ನಿ ಹೋಗಿ 3 ವರ್ಷವಾಯಿತು, ಆದರೂ ಇದರ ಬಗ್ಗೆ ಸಲೀಸಾಗಿ ಬರೆಯಲು ಬರುವುದಿಲ್ಲ. ಉತ್ತರ ಉದ್ದ ಇದೆ, ಮಗು ಮಲಗಿದಾಗ ನಿಧಾನಕ್ಕೆ ಓದಿ.

ಈಗ ಓದಲು ಶುರು ಮಾಡಿದವರಿಗೆ ವಿಷಯ ಇಷ್ಟು. ಅಕ್ಕನ ಮನೆಯಲ್ಲಿ 13 ವರ್ಷದ ಲ್ಯಾಬ್ರಡಾರ್ ಟೈಗರ್ ಇದ್ದಾನೆ, 8 ತಿಂಗಳ ಮಗು ಇದೆ. ಟೈಗರ್‌ಗೆ ಕಿಡ್ನಿ ತೊಂದರೆ, ಜೊತೆಗೆ ಹಿಂಗಾಲುಗಳಲ್ಲಿ ಕೀಲುನೋವು. ಮನೆಯೊಳಗೇ ಉಚ್ಚೆ ಆಗಿಬಿಡುತ್ತದೆ. ಮಗು ಈಗಷ್ಟೇ ಅಂಬೆಗಾಲಿಡುತ್ತಿದೆ. ಕಳೆದ ವಾರ ಮಗು ಕಿವಿ ಹಿಡಿದೆಳೆದಾಗ ಟೈಗರ್ ಗುರ್ರ್ ಎಂದನಂತೆ. ಇಂಜೆಕ್ಷನ್ ಕೊಟ್ಟು ನೋವಿಲ್ಲದೆ ಕಳಿಸಿಕೊಡುವ (ದಯಾಮರಣದ) ಬಗ್ಗೆ ಡಾಕ್ಟರು "ಯೋಚನೆ ಮಾಡಿ" ಎಂದಷ್ಟೇ ಹೇಳಿ ಕಳಿಸಿದ್ದಾರೆ. ಅಕ್ಕ ಕೇಳಿದ್ದು ಎರಡು: ಸಮಯ ಬಂದಿದೆ ಎಂದು ಗೊತ್ತಾಗುವುದು ಹೇಗೆ? ಮತ್ತೆ, "ಮಗುಗೋಸ್ಕರ ಅವನನ್ನು ಸಾಯಿಸುತ್ತಿದ್ದೀನಾ?"

ಎರಡನೆಯದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅದು ಬಗೆಹರಿಯದೆ ಮೊದಲನೆಯದಕ್ಕೆ ಉತ್ತರ ಸಿಗುವುದಿಲ್ಲ.

ನಾವು ಮಾಡಿದ ತಪ್ಪು ಹೇಳುತ್ತೇನೆ. ಚಿನ್ನಿಗೂ ಕಿಡ್ನಿಯೇ ಹೋಗಿದ್ದು. ಆಗ ನಮ್ಮ ಚಿಕ್ಕವನಿಗೆ 9 ತಿಂಗಳು. ಮಗು ಬಂತು ಅಂತ ನಾಯಿಯನ್ನು ಕಳಿಸಿಬಿಟ್ಟರು ಎಂದು ಯಾರಾದರೂ ಅಂದಾರು ಎಂಬ ಭಯ ನನಗೆ. ನಿಜ ಹೇಳಬೇಕೆಂದರೆ ಬೇರೆಯವರಿಗಿಂತ ನನಗೆ ನಾನೇ ಹಾಗೆ ಅಂದುಕೊಳ್ಳುವ ಭಯ. ಅದಕ್ಕೇ ಇನ್ನೊಂದು ವಾರ ನೋಡೋಣ, ಇನ್ನೊಂದು ವಾರ ನೋಡೋಣ ಎಂದು ತಳ್ಳಿದೆ. ಸುಮಾರು ಒಂದು ತಿಂಗಳು ಜಾಸ್ತಿ ಇಟ್ಟುಕೊಂಡೆವು. ಆ ತಿಂಗಳು ಅವಳಿಗೆ ಬೇಕಿರಲಿಲ್ಲ. ನನ್ನ ಮನಸ್ಸಿನ ಸಮಾಧಾನಕ್ಕೆ ಅವಳು ನೋವು ತಿಂದಳು.

ಹಾಗಾಗಿ ಎರಡು ಲೆಕ್ಕ ಬೇರೆ ಬೇರೆ ಇಡಿ. ಒಂದು ಹಾಳೆಯಲ್ಲಿ ಮಗುವಿನ ವಿಷಯ, ಇನ್ನೊಂದರಲ್ಲಿ ಟೈಗರ್ ವಿಷಯ. ಗುರ್ರ್ ಎಂದಿದ್ದು, ಉಚ್ಚೆ, ನಿಮಗೆ ನಿದ್ದೆ ಇಲ್ಲದಿರುವುದು ಇವೆಲ್ಲ ಮಗುವಿನ ಹಾಳೆಗೆ ಹೋಗಲಿ. ಅದರಲ್ಲಿರುವ ಮುಕ್ಕಾಲು ಪಾಲು ಬಾಗಿಲು, ಚಾಪೆ, ಇನ್ನೊಬ್ಬರ ಕೈ ಇದ್ದರೆ ಸರಿಹೋಗುತ್ತದೆ. ಟೈಗರ್ ಹಾಳೆಯಲ್ಲಿರುವುದು ಅವುಗಳಿಂದ ಸರಿಹೋಗುವುದಿಲ್ಲ. ಎರಡನೇ ಹಾಳೆ ನೋಡಿ ಮಾತ್ರ ತೀರ್ಮಾನ ಮಾಡಿ.

ಮೊದಲು ಮಗುವಿನ ಹಾಳೆ.

ಗುರ್ರ್ ಎಂದಿದ್ದಕ್ಕೆ ಟೈಗರ್‌ಗೆ ಬೈಯಬೇಡಿ. ಕೆಳಗೆ ಒಬ್ಬರು "ಎರಡು ಬಿಡಿ, ಬುದ್ಧಿ ಬರುತ್ತೆ" ಎಂದು ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗುರ್ರ್ ಎನ್ನುವುದು ನಾಯಿ ಕೊಡುವ ಎಚ್ಚರಿಕೆ. ಅದಕ್ಕೆ ಹೊಡೆದರೆ ಎಚ್ಚರಿಕೆ ಕೊಡುವುದನ್ನು ನಿಲ್ಲಿಸುತ್ತದೆ, ಮುಂದಿನ ಸಲ ನೇರ ಬಾಯಿ ಹಾಕುತ್ತದೆ. ಕೀಲು ನೋಯುವ ನಾಯಿಯ ಮೇಲೆ ಮಗು ಬಿದ್ದರೆ ಎಷ್ಟು ನೋಯುತ್ತದೋ ಯೋಚಿಸಿ. ವಯಸ್ಸಾದ ನಾಯಿಗೆ ಕಿವಿ, ಕಣ್ಣು ಎರಡೂ ಮಂದ. ಮಲಗಿದ್ದಾಗ ಏನೋ ತಾಗಿದರೆ ಬೆಚ್ಚಿಬಿದ್ದು ಕಚ್ಚಬಹುದು. ಅದರಲ್ಲಿ ಕೆಟ್ಟತನ ಏನೂ ಇರುವುದಿಲ್ಲ, ಆದರೆ ಮಗುವಿನ ಮುಖ ಇರುವುದು ಸರಿಯಾಗಿ ನಾಯಿಯ ಬಾಯಿಯ ಎತ್ತರಕ್ಕೇ.

ನಮ್ಮ ಮನೆಯಲ್ಲಿದ್ದ ನಿಯಮ ಒಂದೇ. ದೊಡ್ಡವರೊಬ್ಬರು ಎಚ್ಚರವಾಗಿ, ಕೈಗೆಟುಕುವಷ್ಟು ಹತ್ತಿರ ಇಲ್ಲದಿದ್ದರೆ ಮಗು ಮತ್ತು ನಾಯಿ ಒಂದೇ ಕಡೆ ಇರಕೂಡದು. ಅಡುಗೆಮನೆಯಿಂದ ಇಣುಕಿ ನೋಡುತ್ತಿದ್ದೆ ಎನ್ನುವುದು ಲೆಕ್ಕಕ್ಕಿಲ್ಲ. ಹಾಲೂಡಿಸುತ್ತ ತೂಕಡಿಸುವುದೂ ಲೆಕ್ಕಕ್ಕಿಲ್ಲ. ಬಾಗಿಲಿಗೆ ಅಡ್ಡಗೇಟು ಹಾಕಿ. ಇಲ್ಲವೇ ಮಗುವನ್ನೇ ಕಟಕಟೆಯಂಥ ಆಟದ ಜಾಗದೊಳಗೆ ಬಿಡಿ, ಟೈಗರ್ ಹೊರಗಿರಲಿ. ನಮಗೆ ಈ ಎರಡನೆಯದೇ ಚೆನ್ನಾಗಿ ಹೊಂದಿತು. ಚಿನ್ನಿಯನ್ನು ಕೋಣೆಯಲ್ಲಿ ಕೂಡಿಹಾಕಿದರೆ ಅಳುತ್ತಿದ್ದಳು. ಮಗು ಒಳಗಿದ್ದಾಗ ಅದರ ಪಕ್ಕದಲ್ಲೇ ಬಂದು ಮಲಗುತ್ತಿದ್ದಳು.

ಉಚ್ಚೆ ಜಾಸ್ತಿ ಅಂತ ನೀರು ಕಡಿಮೆ ಮಾಡಬೇಡಿ. ಇದು ಬಹಳ ಜನ ಮಾಡುವ ತಪ್ಪು. ಕಿಡ್ನಿ ಕೆಟ್ಟ ನಾಯಿಯ ದೇಹಕ್ಕೆ ನೀರು ಹಿಡಿದಿಡಲು ಆಗುವುದಿಲ್ಲ. ಅದಕ್ಕೇ ಹೆಚ್ಚು ಹೊಯ್ಯುತ್ತದೆ, ಅದನ್ನು ತುಂಬಿಕೊಳ್ಳಲು ಹೆಚ್ಚು ಕುಡಿಯುತ್ತದೆ. ಬಟ್ಟಲು ತೆಗೆದಿಟ್ಟರೆ ಒಣಗಿ ಇನ್ನೂ ಬೇಗ ಕೆಡುತ್ತದೆ. ಬದಲಿಗೆ ಹೊರಗೆ ಕರೆದೊಯ್ಯುವ ಸಲ ಹೆಚ್ಚಿಸಿ, ರಾತ್ರಿ ಕೂಡ ಒಂದು ಸಲ. ಮಲಗುವ ಜಾಗಕ್ಕೆ ನೀರು ಇಳಿಯದ ಹಾಳೆ, ಮೇಲೆ ಹಳೇ ಬಟ್ಟೆ. ಮಕ್ಕಳ ಡೈಪರ್‌ನಲ್ಲಿ ಬಾಲಕ್ಕೆ ತೂತು ಮಾಡಿಯೂ ಹಾಕಬಹುದು, ಆದರೆ ಒದ್ದೆಯಾದ ತಕ್ಷಣ ಬದಲಿಸಬೇಕು. ಇಲ್ಲದಿದ್ದರೆ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ.

ಡಾಕ್ಟರ ಹತ್ತಿರ ಒಂದು ಮಾತು ಕೇಳಿ: ಇದು ಇಲಿಜ್ವರದಿಂದ, ಅಂದರೆ ಲೆಪ್ಟೊಸ್ಪೈರೋಸಿಸ್‌ನಿಂದ, ಬಂದ ಕಿಡ್ನಿ ತೊಂದರೆ ಅಲ್ಲ ತಾನೇ? ಅದು ನಾಯಿಯ ಉಚ್ಚೆಯಿಂದ ಮನುಷ್ಯರಿಗೂ ಬರುತ್ತದೆ. ವಯಸ್ಸಿನಿಂದ ಬಂದ ಕಿಡ್ನಿ ತೊಂದರೆ ಹರಡುವುದಿಲ್ಲ, ಆದರೂ ಮಗು ನೆಲ ಮುಟ್ಟಿದ ಕೈ ಬಾಯಿಗೆ ಇಡುವ ವಯಸ್ಸು. ಕೈಗೆ ಗ್ಲೌಸ್ ಹಾಕಿ ಒರೆಸಿ, ನೆಲ ತೊಳೆದು, ಪೂರ್ತಿ ಒಣಗಿದ ಮೇಲೆ ಮಗುವನ್ನು ಬಿಡಿ. ಜಂತುಹುಳದ ಔಷಧಿ ತಪ್ಪಿಸಬೇಡಿ, ಮಲವನ್ನು ದಿನಾ ಎತ್ತಿ. ದುಂಡುಹುಳದ ಮೊಟ್ಟೆ ಹೊರಬಿದ್ದ ತಕ್ಷಣ ರೋಗ ಹರಡುವುದಿಲ್ಲ, ಬಲಿಯಲು ಸಾಮಾನ್ಯವಾಗಿ 2 ವಾರವಾದರೂ ಬೇಕು. ದಿನಾ ಎತ್ತಿದರೆ ಆ ಭಯ ಬಹಳ ಕಡಿಮೆ. ಇನ್ನೊಂದು, ಟೈಗರ್ ಉಗಿದ ಮಾತ್ರೆ. ನಮ್ಮ ಚಿಕ್ಕವನ ಮುಷ್ಟಿಯಲ್ಲಿ ಒಂದು ದಿನ ಚಿನ್ನಿಯ ಮಾತ್ರೆ ಸಿಕ್ಕಿತು. ಬಾಯಿಗೆ ಹೋಗುವ ಮೊದಲು ಹೆಂಡತಿ ನೋಡಿದಳು. ಆಮೇಲೆ ನುಂಗಿದ್ದು ಖಾತ್ರಿಯಾಗುವವರೆಗೆ ನಾಯಿಯ ಮುಂದೆಯೇ ಕೂರುತ್ತಿದ್ದೆವು.

ನೋವು ಅಂತ ನಿಮ್ಮ ಮನೆಯ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ಒಳ್ಳೆಯ ಕಿಡ್ನಿಯನ್ನೇ ಹಾಳು ಮಾಡುತ್ತದೆ, ಕೆಟ್ಟದ್ದರ ಗತಿ ಕೇಳಬೇಡಿ. ಕಿಡ್ನಿ ತೊಂದರೆ ಇರುವ ನಾಯಿಗೂ ಕೊಡಬಹುದಾದ ನೋವಿನ ಔಷಧಿಗಳಿವೆ, ಡಾಕ್ಟರನ್ನು ಬಿಡದೆ ಕೇಳಿ. ನೋವು ಕಡಿಮೆಯಾದರೆ ಗುರ್ರ್ ಎನ್ನುವುದೂ ಕಡಿಮೆಯಾಗಬಹುದು. ಜಾರುವ ನೆಲಕ್ಕೆ ಚಾಪೆ ಹಾಸಿ, ಅದೇ ಅರ್ಧ ಔಷಧಿ.

"ಬೇರೆ ಯಾರಿಗಾದರೂ ಕೊಟ್ಟುಬಿಡಿ" ಎಂದವರಿಗೆ ನಾನು ಒಪ್ಪುವುದಿಲ್ಲ. 2 ವರ್ಷದ ನಾಯಿಯಾದರೆ ಬೇರೆ ಮಾತು. 13 ವರ್ಷದ, ಕಾಯಿಲೆಯ ನಾಯಿ ಕೊನೇ ದಿನಗಳಲ್ಲಿ ಗೊತ್ತಿಲ್ಲದ ಮನೆಯಲ್ಲಿ ನಿಮ್ಮನ್ನು ಹುಡುಕಬೇಕಾ? ಬೇಡ.

ಈಗ ಟೈಗರ್ ಹಾಳೆ.

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಒಂದು ಅಳತೆ ಮಾಡಿಕೊಟ್ಟರು. ಈಗ ಎಷ್ಟೋ ದೇಶಗಳ ಡಾಕ್ಟರುಗಳು ಅದನ್ನು ಬಳಸುತ್ತಾರೆ. ಏಳು ವಿಷಯ: ನೋವು (ಉಸಿರಾಟದ ಕಷ್ಟವೂ ಇದರಲ್ಲೇ ಬರುತ್ತದೆ), ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಮತ್ತೆ ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಜಾಸ್ತಿ ಇದೆಯಾ ಎಂಬುದು. ಒಂದೊಂದಕ್ಕೆ 10 ಅಂಕ, ಪೂರ್ತಿ ಚೆನ್ನಾಗಿದ್ದರೆ 10. ಒಟ್ಟು 70ರಲ್ಲಿ 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಬಹುದು ಎಂದು ಅದರ ಲೆಕ್ಕ. ನೀವು ಮತ್ತು ನಿಮ್ಮವರು ಬೇರೆ ಬೇರೆ ಕೂತು, ಒಬ್ಬರದನ್ನೊಬ್ಬರು ನೋಡದೆ ಅಂಕ ಹಾಕಿ. ನಾವು ಹಾಗೆ ಹಾಕಿದಾಗ ನಾನು 41 ಕೊಟ್ಟಿದ್ದೆ, ಹೆಂಡತಿ 28. ಹಗಲೆಲ್ಲ ಅವಳ ಜೊತೆ ಇದ್ದವಳು ಹೆಂಡತಿ. ನಾನು ಸಂಜೆ ಬಂದಾಗ ಚಿನ್ನಿ ಕಷ್ಟಪಟ್ಟು ಎದ್ದು ಬಾಲ ಆಡಿಸುತ್ತಿದ್ದಳು, ನಾನು ಅಷ್ಟನ್ನೇ ನೋಡುತ್ತಿದ್ದೆ.

ಅಂಕ ಬೇಜಾರು ಅನಿಸಿದರೆ ಕ್ಯಾಲೆಂಡರ್ ಸಾಕು. ದಿನಾ ರಾತ್ರಿ ಒಳ್ಳೆಯ ದಿನವಾದರೆ ಸೊನ್ನೆ, ಕೆಟ್ಟ ದಿನವಾದರೆ ಗೀಟು. ನಿದ್ದೆಗೆಟ್ಟ ತಲೆಗೆ ಮೊನ್ನೆಯದು ನೆನಪಿರುವುದಿಲ್ಲ, ಕ್ಯಾಲೆಂಡರ್‌ಗೆ ಇರುತ್ತದೆ. ಜೊತೆಗೆ ಟೈಗರ್‌ಗೆ ಪ್ರಾಣವಾದ ಮೂರು ವಿಷಯ ಬರೆದಿಡಿ. ಚಿನ್ನಿಗೆ ಚೆಂಡು, ಗೇಟಿನ ಸದ್ದಿಗೆ ಓಡುವುದು, ಹೊಟ್ಟೆ ಕೆರೆಸಿಕೊಳ್ಳುವುದು. ಎರಡು ಹೋಗಿದ್ದವು. ಮೂರನೆಯದು ಹೋದ ದಿನ ನಾನು ಕ್ಯಾಲೆಂಡರ್ ನೋಡಲಿಲ್ಲ, ಬೇಕೆಂದೇ ನೋಡಲಿಲ್ಲ.

ಕಿಡ್ನಿ ವಿಷಯದಲ್ಲಿ ಒಂದು ಮೋಸ ಇದೆ. ಡ್ರಿಪ್ ಹಾಕಿಸಿದ ಮೇಲೆ ನಾಲ್ಕು ದಿನ ಚೆನ್ನಾಗಿ ತಿನ್ನುತ್ತಾನೆ, ಮೊದಲಿನ ಹಾಗೆ ಆದ ಅನಿಸುತ್ತದೆ. ಆದರೆ ಈ ಕಾಯಿಲೆ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಕಿಡ್ನಿಯ ಮೂರರಲ್ಲಿ ಎರಡು ಪಾಲು ಕೆಲಸ ನಿಂತಿರುತ್ತದೆ, ಅದು ವಾಪಸ್ ಬರುವುದಿಲ್ಲ. ಆ ಒಳ್ಳೆಯ ದಿನಗಳು ಸುಳ್ಳಲ್ಲ, ಅವನಿಗೆ ಅವು ಬೇಕು. ಮನೆಯಲ್ಲೇ ಚರ್ಮದ ಕೆಳಗೆ ನೀರು ಕೊಡುವುದನ್ನು ಡಾಕ್ಟರು ಕಲಿಸಿಕೊಡುತ್ತಾರೆ, ವಾಂತಿಗೆ ಔಷಧಿ ಇದೆ. ಇವನ್ನೆಲ್ಲ ಮಾಡಿ. ಒಳ್ಳೆಯ ದಿನಗಳ ನಡುವಿನ ಅಂತರ ಮಾತ್ರ ಗಮನಿಸಿ. ಊಟದ ಹತ್ತಿರ ಬಂದು ಮೂಸಿ ತಿರುಗುವುದು, ಬಾಯಲ್ಲಿ ಹುಣ್ಣು, ಬಾಯಿಯಿಂದ ಉಚ್ಚೆಯಂಥ ವಾಸನೆ, ದಿನಾ ವಾಂತಿ ಶುರುವಾದರೆ ದಿನಗಳು ಬಹಳ ಇಲ್ಲ.

ಇನ್ನು ನಿಮ್ಮ ದಣಿವು. ಅದನ್ನು ಮಗುವಿನ ಹಾಳೆಗೆ ಹಾಕಿ ಎಂದೆ, ಬಚ್ಚಿಡಿ ಎನ್ನಲಿಲ್ಲ. ರಾತ್ರಿ ಮೂರು ಸಲ ಮಗುವಿಗೆ, ಎರಡು ಸಲ ನಾಯಿಗೆ ಏಳುವವರಿಗೆ ಸಿಟ್ಟು ಬಂದೇ ಬರುತ್ತದೆ. ಒಂದು ರಾತ್ರಿ ಒದ್ದೆ ಹಾಸಿಗೆ ನೋಡಿ ನಾನು ಚಿನ್ನಿಯ ಮೇಲೆ ಕೂಗಿದ್ದೆ. ವಾರಕ್ಕೆ ಎರಡು ರಾತ್ರಿ ನಿಮ್ಮವರು ಟೈಗರ್ ಜೊತೆ ಹಾಲ್‌ನಲ್ಲಿ ಮಲಗಲಿ.

ಆ ದಿನದ ಬಗ್ಗೆ. ನಾವು ತಡ ಮಾಡಿದ್ದಕ್ಕೆ ಏನಾಯಿತೆಂದರೆ, ಒಂದು ಶನಿವಾರ ಮಧ್ಯರಾತ್ರಿ ಚಿನ್ನಿಗೆ ಫಿಟ್ಸ್ ಬಂತು. ನಮ್ಮ ಡಾಕ್ಟರು ಸಿಗಲಿಲ್ಲ. ಎಲ್ಲೋ ತೆರೆದಿದ್ದ ಕಡೆ ಹೋದೆವು. ಕಾರಿನಲ್ಲಿ ಎರಡೂ ಮಕ್ಕಳ ಅಳು, ಅಲ್ಲಿ ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಕೈ. ಅವಳಿಗೆ ನಾನಿದ್ದೇನೆ ಎಂದು ಗೊತ್ತಾಯಿತೋ ಇಲ್ಲವೋ. ಅದಕ್ಕೇ ಹೇಳುವುದು, ದಿನ ನೀವೇ ಆರಿಸಿ. ವಾರದ ನಡುವಿನ ಒಂದು ಬೆಳಿಗ್ಗೆ, ಅವನು ಇನ್ನೂ ನಿಮ್ಮ ಗುರುತು ಹಿಡಿಯುವಾಗ. ಡಾಕ್ಟರು ಮನೆಗೆ ಬರುತ್ತಾರಾ ಕೇಳಿ. ಮಗುವನ್ನು ನೋಡಿಕೊಳ್ಳಲು ಒಬ್ಬರನ್ನು ಮೊದಲೇ ಗೊತ್ತು ಮಾಡಿ. ಹಣ, ಸಹಿ ಎಲ್ಲ ಮೊದಲೇ ಮುಗಿಸಿ, ಆಮೇಲೆ ಕೈ ನಡುಗುತ್ತದೆ.

"ಮೊದಲು ಮಂಪರು ಬರುವ ಇಂಜೆಕ್ಷನ್ ಕೊಡುತ್ತೀರಾ?" ಎಂದು ಕೇಳಲೇಬೇಕು. ಅದಾದ ಮೇಲೆ ಅವನು ನಿಮ್ಮ ತೊಡೆಯ ಮೇಲೆ ತೂಕಡಿಸುತ್ತಾನೆ. ಕೊನೆಯದು ರಕ್ತನಾಳಕ್ಕೆ ಕೊಡುವ, ಅರಿವಳಿಕೆ ಜಾತಿಯ ಔಷಧಿ. ಹೆಚ್ಚಾಗಿ ಪೆಂಟೋಬಾರ್ಬಿಟಲ್. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ, ಕೆಲವು ನಿಮಿಷದೊಳಗೆ ಹೃದಯ ನಿಲ್ಲುತ್ತದೆ. ಕಣ್ಣು ಮುಚ್ಚುವುದಿಲ್ಲ. ಉಚ್ಚೆ ಆಗಬಹುದು. ಹೃದಯ ನಿಂತ ಮೇಲೂ ಒಂದೆರಡು ಸಲ ಉಸಿರೆಳೆದ ಹಾಗೆ, ಮೈ ಅದುರಿದ ಹಾಗೆ ಕಾಣಬಹುದು. ಅವನಿಗೆ ಆಗ ಏನೂ ತಿಳಿಯುತ್ತಿರುವುದಿಲ್ಲ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಚಿನ್ನಿ ಉಸಿರೆಳೆದಾಗ ನಾನು "ನಿಲ್ಲಿಸಿ, ನಿಲ್ಲಿಸಿ" ಎಂದು ಕೂಗಿಬಿಟ್ಟೆ.

ಹೂಳುವುದಾದರೆ ಆಳಕ್ಕೆ ಹೂಳಿ. ಆ ಔಷಧಿ ದೇಹದಲ್ಲಿ ಉಳಿಯುತ್ತದೆ, ಬೇರೆ ಪ್ರಾಣಿ ಕೆದರಿ ತಿಂದರೆ ಅದೂ ಸಾಯುತ್ತದೆ. ಸುಡುವುದೋ ಹೂಳುವುದೋ, ಎಲ್ಲಿ ಎಂಬುದನ್ನು ಹಿಂದಿನ ದಿನವೇ ನಿರ್ಧರಿಸಿರಿ.

ನಿಮ್ಮ ಮಗುವಿಗೆ ಹೇಳುವುದೇನೂ ಇಲ್ಲ, 8 ತಿಂಗಳು. ಟೈಗರ್ ಮಲಗುತ್ತಿದ್ದ ಮೂಲೆಯ ಕಡೆ ಕೆಲವು ದಿನ ನೋಡಬಹುದು, ಅಷ್ಟೇ. ಆದರೆ ಇದನ್ನು ಓದುವ ಬೇರೆಯವರಿಗೆ ದೊಡ್ಡ ಮಕ್ಕಳಿದ್ದರೆ ಒಂದು ಮಾತು. ನಮ್ಮ ದೊಡ್ಡವಳಿಗೆ ಆಗ 4 ವರ್ಷ. "ಚಿನ್ನಿ ಮಲಗಿಬಿಟ್ಟಳು" ಎಂದೆ. ಎರಡು ವಾರ ಅವಳು ರಾತ್ರಿ ಮಲಗಲು ಒಪ್ಪಲಿಲ್ಲ. ಸತ್ತುಹೋದಳು, ಇನ್ನು ಬರುವುದಿಲ್ಲ ಎಂದು ನೇರವಾಗಿ ಹೇಳಿದ ಮೇಲೆ ಒಂದು ದಿನ ಜೋರಾಗಿ ಅತ್ತು, ಆಮೇಲೆ ಸರಿಹೋದಳು.

ಈ ವಾರ ಡಾಕ್ಟರ ಹತ್ತಿರ ಹೋಗುವಾಗ ಅಂಕದ ಹಾಳೆ, ಅವನು ಎದ್ದು ನಡೆಯುವ ವಿಡಿಯೊ ಎರಡೂ ಒಯ್ಯಿರಿ. ಆಸ್ಪತ್ರೆಯ ಗಾಬರಿಗೆ ನಾಯಿಗಳು ನೋವು ಮರೆತು ಚುರುಕಾಗಿ ನಿಲ್ಲುತ್ತವೆ. "ಯೋಚನೆ ಮಾಡಿ" ಎಂದು ಮತ್ತೆ ಹೇಳಿದರೆ, "ಇದು ನಿಮ್ಮ ನಾಯಿಯಾಗಿದ್ದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿ.

ಅದಕ್ಕೂ ಮೊದಲು, ಇವತ್ತೇ, ನಿಮ್ಮವರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಟೈಗರ್ ಪಕ್ಕ ಕೂರಲಿ, ನೀವು ಫೋಟೊ ತೆಗೆಯಿರಿ. ಅವರಿಬ್ಬರನ್ನು ದೂರ ಇಡುವ ಗಡಿಬಿಡಿಯಲ್ಲಿ ನಾವು ತೆಗೆಯಲೇ ಇಲ್ಲ. ಒಂದೇ ಒಂದು ಇದೆ, ಚಿಕ್ಕವನು ಬಟ್ಟಲು ಬಡಿಯುತ್ತಿದ್ದಾನೆ, ಪಕ್ಕದಲ್ಲಿ ಚಿನ್ನಿಯ ಬಾಲ ಮಾತ್ರ ಕಾಣುತ್ತದೆ.