ಲೋ ಡೋಸ್ ಸಿಟಿಯಲ್ಲಿ ಚಿತ್ರ ಮರಳು ಮರಳಾಗಿ ಬಂದಿದೆ, ಮತ್ತೆ ಸ್ಕ್ಯಾನ್ ಮಾಡಿಸಬೇಕಾ?

ನಿಮ್ಮ ತಂದೆಯವರ ಶ್ವಾಸಕೋಶದಲ್ಲಿ 5 ಮಿಲಿಮೀಟರಿನ ಒಂದು ಗಂಟು ಇದೆ. ಹೋದ ವರ್ಷ ಮಾಮೂಲಿ ಸಿಟಿ ಆಗಿತ್ತು, ಈ ಸಲ ಲೋ ಡೋಸ್, ಅಂದರೆ ಕಡಿಮೆ ರೇಡಿಯೇಷನ್ನಿನದು. ಚಿತ್ರದ ಮೇಲೆ ಮರಳು ಎರಚಿದ ಹಾಗಿದೆ, ರಿಪೋರ್ಟಿನಲ್ಲೂ ನಾಯ್ಸ್ ಇದೆ ಅಂತ ಬರೆದಿದ್ದಾರೆ, ಫುಲ್ ಡೋಸಿನಲ್ಲಿ ಮತ್ತೆ ಮಾಡಿಸೋಣವಾ ಅಂತ ಕೇಳಿದ್ದೀರಿ.

ನಾನು ಸಿಟಿ ಟೆಕ್ನಿಷಿಯನ್. ಗಂಟು ಏನು ಅಂತ ಹೇಳುವುದು ರೇಡಿಯಾಲಜಿಸ್ಟ್, ಅಂದರೆ ಸ್ಕ್ಯಾನ್ ನೋಡಿ ರಿಪೋರ್ಟ್ ಬರೆಯುವ ಡಾಕ್ಟರ್ ಕೆಲಸ. ಚಿತ್ರ ಯಾಕೆ ಹಾಗೆ ಬಂತು ಅನ್ನೋದನ್ನ ಮಾತ್ರ ನಾನು ಹೇಳಬಲ್ಲೆ. ಆ ಗಂಟನ್ನು ನೋಡುವುದಷ್ಟೇ ಉದ್ದೇಶವಾಗಿದ್ದರೆ, ಬರೀ ಮರಳು ಕಂಡಿತು ಅಂತ ಹೆದರಬೇಡಿ.

ಮಳೆ ಶುರುವಾದಾಗ ಅಂಗಳ ನೋಡಿ. ಮೊದಲ ಹನಿಗಳು ಅಲ್ಲೊಂದು ಇಲ್ಲೊಂದು ಬಿದ್ದು ನೆಲವೆಲ್ಲ ಚುಕ್ಕೆ ಚುಕ್ಕೆ. ಜೋರಾಗಿ ಸುರಿದ ಮೇಲೆ ಎಲ್ಲ ಕಡೆ ಒಂದೇ ಸಮ ಒದ್ದೆ. ಎಕ್ಸ್-ರೇ ಕೂಡ ಹಾಗೆಯೇ ಹನಿ ಹನಿಯಾಗಿ ಬಂದು ಡಿಟೆಕ್ಟರಿಗೆ ಬೀಳುತ್ತದೆ. ಕಡಿಮೆ ಕಳಿಸಿದರೆ ಚುಕ್ಕೆ ಕಾಣುತ್ತದೆ, ಅದೇ ನಾಯ್ಸ್. ಒಳ್ಳೆಯ ವಿಷಯ ಏನಂದ್ರೆ, ರೇಡಿಯೇಷನ್ ಕಾಲು ಭಾಗಕ್ಕೆ ಇಳಿಸಿದರೆ ನಾಯ್ಸ್ ನಾಲ್ಕು ಪಟ್ಟು ಆಗುವುದಿಲ್ಲ, ಎರಡು ಪಟ್ಟು ಅಷ್ಟೇ. ಮಾಮೂಲಿ ಎದೆ ಸಿಟಿಗೆ ಸುಮಾರು 7 ಮಿಲಿಸೀವರ್ಟ್ (ರೇಡಿಯೇಷನ್ ಅಳೆಯುವ ಮಾನ) ಆದರೆ ಲೋ ಡೋಸಿಗೆ ಸುಮಾರು 1.5. ವರ್ಷ ವರ್ಷ ನೋಡಬೇಕಾದ ಗಂಟಿಗೆ ಈ ಉಳಿತಾಯ ಸಣ್ಣದಲ್ಲ.

ಇನ್ನು ಶ್ವಾಸಕೋಶದ ಅದೃಷ್ಟ ನೋಡಿ. ಅದರ ತುಂಬ ಗಾಳಿ. ಯಾವುದು ಎಷ್ಟು ಗಟ್ಟಿ ಅಂತ ತೋರಿಸುವ ಸಿಟಿಯ ಅಳತೆಯಲ್ಲಿ ಅದು ಸುಮಾರು ಮೈನಸ್ 850, ಗಟ್ಟಿ ಗಂಟು ಸೊನ್ನೆಯ ಆಸುಪಾಸು ಅಥವಾ ಸ್ವಲ್ಪ ಮೇಲೆ. ಇಷ್ಟು ದೊಡ್ಡ ಅಂತರವನ್ನು ಒಂದಷ್ಟು ಮರಳು ಮುಚ್ಚಲಾರದು. ಲಿವರಿನಲ್ಲಿ ಹಾಗಲ್ಲ. ಅಲ್ಲಿನ ಎಷ್ಟೋ ಕಲೆಗಳಿಗೂ ಸುತ್ತಲಿನ ಭಾಗಕ್ಕೂ ಇಪ್ಪತ್ತು ಮೂವತ್ತರ ವ್ಯತ್ಯಾಸ ಅಷ್ಟೇ, ಅದು ನಾಯ್ಸಿನಲ್ಲಿ ಮುಳುಗಿಹೋಗುತ್ತದೆ. ಹಾಗಾಗಿ ಈ ಸ್ಕ್ಯಾನ್ ನೋಡಿ ಲಿವರ್ ಚೆನ್ನಾಗಿದೆ ಅಂತ ತೀರ್ಮಾನ ಮಾಡಬೇಡಿ, ಅದು ಅದಕ್ಕಾಗಿ ಮಾಡಿದ್ದಲ್ಲ.

ಸಿಡಿ ನಿಮ್ಮ ಹತ್ತಿರ ಇದ್ರೆ ಒಂದು ಕೆಲಸ ಮಾಡಿ. ಅದರಲ್ಲಿರುವ ವ್ಯೂವರಿನಲ್ಲಿ ವಿಂಡೋ (ಕಪ್ಪು ಬಿಳುಪಿನ ಹೊಂದಾಣಿಕೆ) ಬದಲಿಸಿ, 'ಲಂಗ್' (ಶ್ವಾಸಕೋಶ) ಅಂತ ಹಾಕಿ. ಅದೇ ಚಿತ್ರ, ಆದರೆ ಮರಳು ಅರ್ಧಕ್ಕರ್ಧ ಮಾಯ! ಮೆತ್ತಗಿನ ಭಾಗಗಳನ್ನು ನೋಡುವ ಸಾಫ್ಟ್ ಟಿಶ್ಯೂ ವಿಂಡೋದಲ್ಲಿ ಅದೇ ಸಿಟಿ ಅಳತೆಯ ಸುಮಾರು 400 ಅಂಕಗಳನ್ನು ಕಪ್ಪಿನಿಂದ ಬಿಳುಪಿನವರೆಗೆ ಹರಡಿರುತ್ತೇವೆ, ಲಂಗ್ ವಿಂಡೋದಲ್ಲಿ ಸುಮಾರು 1500. ಸಣ್ಣ ಏರುಪೇರು ಅಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಇನ್ನೊಂದು, ಹೋದ ವರ್ಷ ನೀವು ನೋಡಿದ್ದು 5 ಮಿಲಿಮೀಟರಿನ ದಪ್ಪ ಸ್ಲೈಸ್ (ದೇಹದ ಅಡ್ಡ ಹೋಳಿನ ಚಿತ್ರ), ಈಗಿನದು 1 ಮಿಲಿಮೀಟರಿನ ತೆಳು ಸ್ಲೈಸ್ ಇರಬಹುದು. ತೆಳು ಮಾಡಿದಷ್ಟೂ ನಾಯ್ಸ್ ಜಾಸ್ತಿ. ಆದರೆ ಇಷ್ಟು ಚಿಕ್ಕ ಗಂಟು ಅಳೆಯಲು ತೆಳುವೇ ಬೇಕು.

ಸಾಫ್ಟ್‌ವೇರಿನಿಂದ ನಾಯ್ಸ್ ಒರೆಸಬಹುದು, ಈಗ ಎಐ ಕೂಡ ಬಂದಿದೆ. ಹದವಾಗಿ ಬಳಸಿದರೆ ತುಂಬ ಉಪಕಾರ. ಜಾಸ್ತಿ ಒರೆಸಿದರೆ ಚಿತ್ರ ಮೇಣದ ಬೊಂಬೆಯಂತಾಗಿ ಸಣ್ಣ ರಕ್ತನಾಳಗಳ ಅಂಚು ಕರಗುತ್ತದೆ. ನನ್ನನ್ನು ಕೇಳಿದರೆ ಮೇಣಕ್ಕಿಂತ ಮರಳೇ ವಾಸಿ.

ಲೋ ಡೋಸ್ ಸೋಲುವ ಕಡೆಯೂ ಇದೆ. ಮಂಜಿನಂತೆ ತೆಳುವಾಗಿರುವ ಗಂಟು, ತುಂಬ ದಪ್ಪ ಮೈ, ಭುಜಗಳ ನಡುವಿನ ಶ್ವಾಸಕೋಶದ ತುದಿ. ಭುಜದ ಮೂಳೆ ಎಕ್ಸ್-ರೇ ನುಂಗಿಬಿಟ್ಟು ಅಡ್ಡಡ್ಡ ಗೆರೆ ಬರುತ್ತದೆ. ಕೈ ತಲೆ ಮೇಲೆ ಎತ್ತಿಸುವುದು ಅದಕ್ಕೇ.

ಆದರೆ ನಾನು ನೋಡಿದ ಮಟ್ಟಿಗೆ ಚಿತ್ರ ಕೆಡಿಸುವುದರಲ್ಲಿ ಡೋಸಿಗಿಂತ ಮುಂದೆ ಇರುವುದು ಉಸಿರು. ಒಮ್ಮೆ ಒಬ್ಬ ಅಜ್ಜ ಬಂದಿದ್ದರು. ಸ್ಕ್ಯಾನ್ ಅರ್ಧ ಆಗುವಷ್ಟರಲ್ಲಿ ಉಸಿರು ಬಿಟ್ಟರು. ಡಯಾಫ್ರಮ್ (ಶ್ವಾಸಕೋಶದ ಕೆಳಗಿನ ಉಸಿರಾಟದ ಸ್ನಾಯು) ಹತ್ತಿರದ ಒಂದು ಗಂಟು ಎರಡೆರಡಾಗಿ ಬಂತು. ನಾಯ್ಸ್ ಏನೂ ಇರಲಿಲ್ಲ, ಆದರೂ ಅಳೆಯೋಕೆ ಆಗದ ಚಿತ್ರ. ಅವರನ್ನು ಮತ್ತೆ ಮಲಗಿಸಬೇಕಾಯಿತು, ನನಗೆ ಬಹಳ ಬೇಜಾರಾಯಿತು. ಆಮೇಲಿಂದ ಯಾರೇ ಬರಲಿ, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂತ ಮೂರು ಸಲ ಅಭ್ಯಾಸ ಮಾಡಿಸಿಯೇ ಬಟನ್ ಒತ್ತುತ್ತೇನೆ.

ಇನ್ನೂ ಧೈರ್ಯ ಬಾರದಿದ್ದರೆ ಇದನ್ನು ಕೇಳಿ. ಅಮೆರಿಕದಲ್ಲಿ ಜಾಸ್ತಿ ಸಿಗರೇಟ್ ಸೇದುತ್ತಿದ್ದ 53,000ಕ್ಕೂ ಹೆಚ್ಚು ಜನರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಸಾಮಾನ್ಯ ಎಕ್ಸ್-ರೇ ತೆಗೆಸಿಕೊಂಡವರಿಗಿಂತ ಲೋ ಡೋಸ್ ಸಿಟಿ ಮಾಡಿಸಿಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು 20% ಕಡಿಮೆ ಅಂತ 2011ರಲ್ಲಿ ಫಲಿತಾಂಶ ಬಂತು. ಜನರನ್ನು ಸೇರಿಸಿಕೊಂಡಿದ್ದು 2002ರಿಂದ 2004ರ ನಡುವೆ. ಇವತ್ತಿನ ನಾಯ್ಸ್ ಒರೆಸುವ ಸಾಫ್ಟ್‌ವೇರ್ ಆಗ ಇರಲಿಲ್ಲ. ಆ ಮರಳು ಚಿತ್ರಗಳೇ ಜೀವ ಉಳಿಸಿದ್ದು.

ಈಗ ಸುಮ್ನೆ ಫುಲ್ ಡೋಸ್ ಕೇಳುವ ಬದಲು, ಹೋದ ವರ್ಷದ ಸಿಡಿಯನ್ನೂ ತೆಗೆದುಕೊಂಡು ರೇಡಿಯಾಲಜಿಸ್ಟ್ ಹತ್ತಿರ ಹೋಗಿ. ಎರಡನ್ನೂ ತೆಳು ಸ್ಲೈಸಿನಲ್ಲಿ ಪಕ್ಕ ಪಕ್ಕ ಇಟ್ಟು ಅಳೆದಿದ್ದಾರಾ, ಗಂಟು ಗಟ್ಟಿಯದ್ದಾ ಮಂಜಿನಂಥದ್ದಾ ಅಂತ ಕೇಳಿ. ಮಂಜಿನಂಥದ್ದಾಗಿದ್ದು, ಈ ಚಿತ್ರ ಸಾಲದು ಅಂತ ಅವರೇ ಹೇಳಿದರೆ ಆಗ ಮಾಡಿಸಿ, ಹಿಂಜರಿಯಬೇಡಿ. ಅರ್ಧ ಮಿಲಿಮೀಟರ್ ಹೆಚ್ಚು ಬಂದರೆ ಅದನ್ನು ಬೆಳೆದಿದೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಸಿರು ಎಷ್ಟು ಎಳೆದುಕೊಂಡರು ಅನ್ನೋದರ ಮೇಲೂ ಅಷ್ಟು ವ್ಯತ್ಯಾಸ ಬರಬಹುದು.