ಎಸ್ಟೋನಿಯಾದ ಡ್ಯಾನ್ಸರ್, ಲೇಖಕಿ ಎಲ್ಲಾ ಇಲ್ಬಾಕ್ (Ella Ilbak) ಬಗ್ಗೆ 1944ರ ನಂತರ ಹಳೇ ಪೇಪರ್‌ಗಳಲ್ಲಿ ಏನೂ ಸಿಗ್ತಿಲ್ಲ ಅಂದಿದ್ರಲ್ಲ, ಅದಕ್ಕೆ ಉತ್ತರ:
ನೀವು ಬಹುಶಃ ಎಸ್ಟೋನಿಯಾ ಒಳಗಿನ ಪೇಪರ್‌ಗಳನ್ನಷ್ಟೇ ನೋಡ್ತಿದೀರ. 1944ರಲ್ಲಿ ಸೋವಿಯತ್ ಸೇನೆ ವಾಪಸ್ ಬಂದಾಗ ಸಾವಿರಾರು ಜನ ದೇಶ ಬಿಟ್ರು, ಇಲ್ಬಾಕ್ ಕೂಡ ಅಷ್ಟೇ, ಹಾಗೆ ಹೋದೋರ ಬಗ್ಗೆ ಊರಲ್ಲಿ ಉಳಿದ ಪೇಪರ್‌ನೋರು ಧಾರಾಳವಾಗಿ ಬರೆಯೋ ಹಾಗಿರ್ಲಿಲ್ಲ. ಮೊದ್ಲು ಎಸ್ಟೋನಿಯಾ ನ್ಯಾಷನಲ್ ಲೈಬ್ರರಿಯ ಡಿಗಾರ್ (DIGAR) ಅನ್ನೋ ಡಿಜಿಟಲ್ ಸಂಗ್ರಹದ ಸೈಟ್ ತೆಗೀರಿ, ವಲಸೆ ಹೋದೋರು ನಡೆಸ್ತಿದ್ದ ಪತ್ರಿಕೆಗಳೂ ಅಲ್ಲಿವೆ, 1944ರಿಂದ 1997ರವರೆಗೆ (ಅವರು ತೀರಿಕೊಂಡ ವರ್ಷ) ಹಾಕಿ ಹುಡುಕಿ. ಹೆಸರಿನ ಕೊನೆಗೊಂದು ಸ್ಟಾರ್ (*) ಹಾಕಿ, ಎಸ್ಟೋನಿಯನ್ ಭಾಷೇಲೂ ಹೆಸರಿಗೆ ವಿಭಕ್ತಿ ಅಂಟುತ್ತೆ. ಕೆಲವು ಸಂಚಿಕೆ ಹೊರಗಿನಿಂದ ಓಪನ್ ಆಗ್ದೇ ಇರಬಹುದು. ಆಮೇಲೆ ಎಸ್ಟೋನಿಯಾ ಲೈಬ್ರರಿಗಳ ಜಂಟಿ ಕ್ಯಾಟಲಾಗ್ ಎಸ್ಟರ್‌ನಲ್ಲಿ (ESTER) 1953ರ ಅವರ ಆತ್ಮಕಥೆ ನೋಡಿ, ಆಧುನಿಕ ನೃತ್ಯಕ್ಕೆ ದಾರಿ ಹಾಕಿದ ಇಸಡೋರಾ ಡಂಕನ್ ಶೈಲಿಯ ಈ ಡ್ಯಾನ್ಸರ್ ಲೇಖಕಿ ಆಗಿದ್ದು ತಿಳೀಬೇಕಂದ್ರೆ ಪೇಪರ್‌ಗಿಂತ ಅದೇ ವಾಸಿ.