ಸಂಘಟನೆ ಬಿಟ್ಟು ಕಂಪನಿ ಸೇರಿದರೆ ದ್ರೋಹವೇ?

ಪ್ರಶ್ನೆ: ನನಗೆ 31 ವರ್ಷ. ಆರು ವರ್ಷದಿಂದ ಡಿಜಿಟಲ್ ಹಕ್ಕುಗಳ ಸಂಘಟನೆಯೊಂದರ ಸೋಷಿಯಲ್ ಮೀಡಿಯಾ ನೋಡಿಕೊಳ್ಳುತ್ತಿದ್ದೇನೆ. ಪೋಸ್ಟ್, ವಿಡಿಯೊ, ಆನ್‌ಲೈನ್ ಸಹಿ ಸಂಗ್ರಹ, ಬೈಗುಳದ ಕಾಮೆಂಟ್ ಅಳಿಸುವುದು, ಎಲ್ಲ ನಾನೇ. ಈಗ ದೊಡ್ಡ ಸೋಷಿಯಲ್ ಮೀಡಿಯಾ ಕಂಪನಿಯೊಂದು ತನ್ನ ಪಾಲಿಸಿ ತಂಡಕ್ಕೆ, ಅಂದರೆ ಬಳಕೆಯ ನಿಯಮ ನೋಡಿಕೊಳ್ಳುವ ತಂಡಕ್ಕೆ, ಕರೆದಿದೆ. ಸಂಬಳ ಎರಡು ಪಟ್ಟಿಗಿಂತ ಜಾಸ್ತಿ. ‘ಯಾರ ವಿರುದ್ಧ ಮಾತಾಡುತ್ತಿದ್ದೆಯೋ ಅವರಿಗೇ ಮಾರಿಕೊಂಡೆ’ ಅಂತ ಜೊತೆಯವರು ಮುಖ ತಿರುಗಿಸಿದ್ದಾರೆ. ಮನೆಯವರಿಗೆ, ಫೋನ್ ಹಿಡಿದು ಕೂರುತ್ತಿದ್ದವಳಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು ಅನ್ನುವ ಖುಷಿ. ನಾನು ರಾತ್ರಿ ಎರಡಕ್ಕೆ ಎದ್ದು ನೋಟಿಫಿಕೇಶನ್ ನೋಡುತ್ತೇನೆ. ಏನು ಮಾಡಲಿ?
(ಹೆಸರು ಬೇಡ)

ಉತ್ತರ: ದ್ರೋಹದ ವಿಷಯ ಆಮೇಲೆ ನೋಡೋಣ. ಮೊದಲು ಆ ರಾತ್ರಿ ಎರಡು ಗಂಟೆಯ ವಿಷಯ. ಅದನ್ನು ನೀವು ಕೊನೆಯಲ್ಲಿ, ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಅದೇ.

ಬೈಗುಳ, ಬೆದರಿಕೆ, ಹಿಂಸೆಯ ವಿಡಿಯೊಗಳನ್ನು ದಿನವಿಡೀ ನೋಡುವುದು ಹಗುರ ಕೆಲಸ ಅಲ್ಲ. ಅದೇ ಕೆಲಸದಿಂದ ಮಾನಸಿಕವಾಗಿ ನೊಂದ ಕಂಟೆಂಟ್ ಮಾಡರೇಟರ್‌ಗಳು ಅಮೆರಿಕದಲ್ಲಿ ಫೇಸ್‌ಬುಕ್ ಮೇಲೆ ಕೇಸು ಹಾಕಿದ್ದರು. 2020ರಲ್ಲಿ ಕಂಪನಿ 5.2 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿಕೊಂಡಿತು. ನಿಮ್ಮಂಥವರಿಗೆ ಆ ಕೆಲಸ ಪೋಸ್ಟ್ ಬರೆಯುವುದರ ಜೊತೆಗೆ ಬಿಟ್ಟಿಯಾಗಿ ಅಂಟಿಕೊಂಡು ಬರುತ್ತದೆ. ಸಂಘಟನೆಗಳು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಈ ಕೆಲಸ ಸಾಕು ಅನ್ನಿಸಿದ್ದರೆ ಅದಕ್ಕೆ ಯಾರ ಒಪ್ಪಿಗೆಯೂ ಬೇಡ. ಆದರೆ ‘ಇಲ್ಲಿಂದ ಹೊರಡಬೇಕು’ ಅನ್ನುವುದೇ ಬೇರೆ, ‘ಅಲ್ಲಿಗೇ ಹೋಗಬೇಕು’ ಅನ್ನುವುದೇ ಬೇರೆ. ದಣಿದವರಿಗೆ ಮೊದಲು ತೆರೆದ ಬಾಗಿಲೇ ಸರಿ ಅನ್ನಿಸಿಬಿಡುತ್ತದೆ. ಉತ್ತರ ಕೊಡಲು ಮೂರು ವಾರ ಸಮಯ ಕೇಳಿ. ಅದರಲ್ಲಿ ಒಂದು ವಾರವಾದರೂ ಸಂಘಟನೆಯ ಅಕೌಂಟ್‌ಗಳು ನಿಮ್ಮ ಫೋನಿನಲ್ಲಿ ಇರಬಾರದು.

ಇನ್ನು ‘ಮಾರಿಕೊಂಡೆ’ ಅನ್ನುವ ಮಾತು. ಈ ಕ್ಷೇತ್ರದಲ್ಲಿ ಜನ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಲೇ ಇರುತ್ತಾರೆ. ಕ್ರಿಸ್ ಹ್ಯೂಸ್ ಫೇಸ್‌ಬುಕ್ ಕಟ್ಟಿದವರಲ್ಲಿ ಒಬ್ಬರು. ಅದನ್ನು ಬಿಟ್ಟು ಒಬಾಮಾ ಅವರ 2008ರ ಚುನಾವಣೆಗೆ ಆನ್‌ಲೈನ್‌ನಲ್ಲಿ ಜನರನ್ನು ಸೇರಿಸಿದರು. 2019ರಲ್ಲಿ ಫೇಸ್‌ಬುಕ್ಕನ್ನು ಒಡೆಯಬೇಕು ಅಂತ ಪತ್ರಿಕೆಯಲ್ಲಿ ಬರೆದರು. ಈಜಿಪ್ಟ್‌ನ ವೇಲ್ ಘೋನಿಮ್ ಗೂಗಲ್‌ನಲ್ಲಿ ಮಾರ್ಕೆಟಿಂಗ್ ಕೆಲಸದಲ್ಲಿದ್ದಾಗಲೇ, ಹೆಸರು ಮುಚ್ಚಿಟ್ಟು, 2011ರ ಕ್ರಾಂತಿಗೆ ಜನರನ್ನು ಕರೆದ ಫೇಸ್‌ಬುಕ್ ಪುಟ ನಡೆಸಿದರು. ಯಾವ ಕಟ್ಟಡದಲ್ಲಿ ಕೂರುತ್ತೀರಿ ಅನ್ನುವುದರಿಂದ ಮನುಷ್ಯರನ್ನು ಅಳೆಯುವುದು ಸೋಮಾರಿ ಕೆಲಸ. ನಿಮ್ಮ ಜೊತೆಯವರ ಸಿಟ್ಟಿನಲ್ಲಿ ಇನ್ನೊಂದು ಭಯವೂ ಇರಬಹುದು: ನೀವು ಹೋದರೆ ಆ ಕಾಮೆಂಟ್‌ಗಳನ್ನು ಅವರು ಓದಬೇಕಲ್ಲ!

ಹಾಗಂತ ಕೇಳದೆ ಸಹಿ ಹಾಕಬೇಡಿ. ಆಫರ್ ಪತ್ರದಲ್ಲಿ ಸಂಬಳದ ಸಾಲಿಗಿಂತ ಮುಖ್ಯವಾದ ಸಾಲುಗಳಿವೆ. ಕೆಲಸ ಬಿಟ್ಟ ಮೇಲೂ ಕಂಪನಿಯನ್ನು ಟೀಕಿಸಬಾರದು ಅಂತ ಇದೆಯಾ? ನಿಮ್ಮ ಸ್ವಂತ ಅಕೌಂಟ್‌ನಲ್ಲಿ ಏನು ಬರೆಯಬಹುದು? ಫೇಸ್‌ಬುಕ್‌ನಲ್ಲಿ ಡೇಟಾ ಸೈಂಟಿಸ್ಟ್ ಆಗಿದ್ದ ಸೋಫಿ ಜಾಂಗ್ ಅವರನ್ನು 2020ರಲ್ಲಿ ಕೆಲಸದಿಂದ ತೆಗೆದಾಗ, ಟೀಕಿಸುವುದಿಲ್ಲ ಅನ್ನುವ ಷರತ್ತಿನ ಮೇಲೆ ಸುಮಾರು 64 ಸಾವಿರ ಡಾಲರ್ ಕೊಡಲು ಕಂಪನಿ ಮುಂದೆ ಬಂತು. ಸೋಫಿ ಬೇಡ ಅಂದರು. ಎಲ್ಲರಿಗೂ ಅಷ್ಟು ಧೈರ್ಯ ಇರಬೇಕು ಅಂತೇನಿಲ್ಲ, ಮನೆ ಬಾಡಿಗೆ ಕಟ್ಟಬೇಕು ಅಲ್ವಾ? ಆದರೆ ಏನನ್ನು ಮಾರುತ್ತಿದ್ದೀರಿ ಅಂತ ಸಹಿಗೆ ಮೊದಲೇ ಗೊತ್ತಿರಲಿ. ನಿಮ್ಮ ಸಂಘಟನೆ ಎತ್ತಿದ ದೂರುಗಳಿಗೆ ಕಂಪನಿಯ ಪರವಾಗಿ ಉತ್ತರ ಬರೆಯುವ ಕೆಲಸವಾದರೆ ನಾನಾಗಿದ್ದರೆ ಹೋಗುತ್ತಿರಲಿಲ್ಲ. ಬಳಕೆದಾರರಿಗೆ ತೊಂದರೆ ಕೊಡುವ ನಿಯಮ ತಡೆಯುವ ಅಧಿಕಾರ ಆ ತಂಡಕ್ಕೆ ನಿಜವಾಗಿ ಇದ್ದರೆ, ಧಾರಾಳವಾಗಿ ಹೋಗಿ. ಇದನ್ನು ಎಚ್‌ಆರ್ ಹತ್ತಿರ ಕೇಳಿ ಪ್ರಯೋಜನವಿಲ್ಲ. ಆ ತಂಡದಲ್ಲಿದ್ದು ಬಿಟ್ಟು ಬಂದವರನ್ನು ಹುಡುಕಿ ಕೇಳಿ.

ಭದ್ರತೆಗಾಗಿ ಹೋಗುತ್ತಿದ್ದರೆ ಇದೂ ಗೊತ್ತಿರಲಿ. 2022ರಲ್ಲಿ ಮಾಲೀಕರು ಬದಲಾದ ಕೆಲವೇ ದಿನಗಳಲ್ಲಿ ಟ್ವಿಟರ್ ತನ್ನ ಮಾನವ ಹಕ್ಕುಗಳ ತಂಡವನ್ನು ಪೂರ್ತಿ ಮನೆಗೆ ಕಳಿಸಿತು. ಖರ್ಚು ಕಡಿಮೆ ಮಾಡುವಾಗ ಇಂಥ ತಂಡಗಳ ಮೇಲೆ ಮೊದಲು ಕಣ್ಣು ಬೀಳುತ್ತದೆ.

ಮನೆಯವರ ಮಾತಿಗೆ ಜಾಸ್ತಿ ನೊಂದುಕೊಳ್ಳಬೇಡಿ. ಫೋನ್ ಹಿಡಿದು ನೀವು ಮಾಡಿದ್ದೂ ಕೆಲಸವೇ. 1998ರಲ್ಲಿ ವೆಸ್ ಬಾಯ್ಡ್, ಜೋನ್ ಬ್ಲೇಡ್ಸ್ ದಂಪತಿ ಅಮೆರಿಕದ ಆಗಿನ ಅಧ್ಯಕ್ಷ ಕ್ಲಿಂಟನ್ ಅವರ ಹಗರಣದ ವಿಷಯವನ್ನು ಬೇಗ ಮುಗಿಸಿ ಅಂತ ಒಂದು ವಾಕ್ಯದ ಮನವಿಯನ್ನು ಇಂಟರ್ನೆಟ್‌ನಲ್ಲಿ ಹಾಕಿದರು. ಲಕ್ಷಗಟ್ಟಲೆ ಜನ ಸಹಿ ಹಾಕಿದರು. ಆ ಸಹಿದಾರರ ಪಟ್ಟಿಯೇ ಮುಂದೆ ಮೂವ್‌ಆನ್ ಅನ್ನುವ ದೊಡ್ಡ ಸಂಘಟನೆಯಾಯಿತು. ಸಹಿ ಹಾಕಿದವರನ್ನು ಮುಂದಿನ ಹೆಜ್ಜೆಗೆ ಕರೆತರುವುದು ಒಂದು ಕಸುಬು. ನಿಮಗೆ ಅದು ಬರುತ್ತದೆ. ಬಯೋಡೇಟಾದಲ್ಲಿ ‘ಪೇಜ್ ನಿರ್ವಹಣೆ’ ಅಂತ ಬರೆದು ಸುಮ್ನೆ ಬಿಡಬೇಡಿ. ಎಷ್ಟು ಜನರನ್ನು ಸೇರಿಸಿದಿರಿ, ಅದರಿಂದ ಯಾವ ನಿಯಮ ಬದಲಾಯಿತು ಅಂತ ಬರೆಯಿರಿ. ಆ ಕಂಪನಿಯೇ ಆಗಬೇಕೆಂದಿಲ್ಲ, ಬೇರೆ ಕಡೆಯೂ ಅದಕ್ಕೆ ಬೆಲೆ ಇದೆ.

ಪೋಸ್ಟ್‌ಗಳಲ್ಲಿ ನಿಮ್ಮ ಹೆಸರಿಲ್ಲ. ಆದ್ದರಿಂದ ಯಾವ ಅಭಿಯಾನ ನಿಮ್ಮದು ಅಂತ ಸಂಘಟನೆಯಿಂದ ಪತ್ರ ಪಡೆಯಿರಿ. ಹೊರಡುವುದಾದರೆ ಪಾಸ್‌ವರ್ಡ್, ಅಡ್ಮಿನ್ ಹಕ್ಕು ಇಬ್ಬರಿಗೆ ಒಪ್ಪಿಸಿ. ಲಾಗಿನ್ ಒಟಿಪಿ ನಿಮ್ಮ ಸ್ವಂತ ನಂಬರಿಗೆ ಬರುತ್ತಿದ್ದರೆ ಅದನ್ನು ಬದಲಿಸಿ. ಇಲ್ಲದಿದ್ದರೆ ಹೊಸ ಕೆಲಸಕ್ಕೆ ಸೇರಿದ ಮೇಲೂ ರಾತ್ರಿ ಫೋನ್ ಬರುತ್ತಲೇ ಇರುತ್ತದೆ.